ಹೊಟ್ಟೆನೋವಿಗೊಂದು ಇಂಗ್ಲಿಷ್ ಮಾತು

ಉಗಾರ ಖುರ್ದದಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಕಬ್ಬು ಹೇರಿದ ಟ್ರ್ಯಾಕ್ಟರುಗಳು ಕಾರ್ಖಾನೆಯ ರಸ್ತೆಗುಂಟ ಸಾಲುಗಟ್ಟಿವೆ. ಬುದ್ಧವಿಹಾರದ ಪಕ್ಕದ ಸಮುದಾಯ ಭವನದಲ್ಲಿ, ಚಾಪೆಯ ಮೇಲೆ ಕೂತ ಹೆಂಗಸರ ಎದುರು ನೀಲಮ ಕಾಂಬಳೆ ಹೊಟ್ಟೆ ಹಿಡಿದುಕೊಂಡು ಬಗ್ಗಿ ನಿಂತಿದ್ದಾರೆ.

"ನನಗೇನಾಗೈತಿ? ಇಂಗ್ಲಿಷಿನ್ಯಾಗ ಹೇಳ್ರಿ."

"ಯು ಪೇನ್," ಅನ್ನುತ್ತಾರೆ ಅಕ್ಕವ್ವ. ಹೊಲದ ಕೂಲಿ ಬಿಟ್ಟು ಚೆನ್ನೈಗೆ ಆಸ್ಪತ್ರೆಯ ಆಯಾ ಕೆಲಸಕ್ಕೆ ಹೊರಟಿರುವವರು ಅವರು.

ನೀಲಮ ನೆಟ್ಟಗಾಗುತ್ತಾರೆ. "ನಡುವ ಕೊಂಡಿ ಎಲ್ಲೈತಿ ಅಕ್ಕವ್ವಾ? ಟ್ರ್ಯಾಕ್ಟರ್ ಮುಂದ ಹೋತು, ಟ್ರಾಲಿ ಅಲ್ಲೇ ಉಳೀತು. ಯು ಆರ್ ಇನ್ ಪೇನ್. ಯು ಲುಕ್ ವೀಕ್. ಈ ಆರ್, ಲುಕ್, ಫೀಲ್ ಅದಾವಲ್ಲ, ಇವೇ ಕೊಂಡಿ."

ಎಲ್ಲರೂ ನಗುತ್ತಾರೆ. ನೀಲಮ ನಗುವುದಿಲ್ಲ.

ಅವರ ತಂದೆ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ತಂದೆ ಹಾಸಿಗೆ ಹಿಡಿದಾಗ ಮಗಳ ನರ್ಸಿಂಗ್ ಓದು ಅರ್ಧಕ್ಕೇ ನಿಂತಿತು. ಈಗ ಹಗಲು ಖಾಸಗಿ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ. ಅದಕ್ಕೂ ಮೊದಲು, ದಿನಾ ನಸುಕಿನಲ್ಲಿ, ದೂರದ ಊರುಗಳಿಗೆ ರೋಗಿಗಳ ಆರೈಕೆಗೆ ಹೋಗುವ ಹೆಣ್ಣುಮಕ್ಕಳಿಗೆ ಈ ಪಾಠ. ಕನ್ನಡ, ಮರಾಠಿ ಎರಡೂ ಬರುವ ಈ ಗಡಿಸೀಮೆಯವರಿಗೆ ಪುಣೆಯವರೆಗೆ ಚಿಂತೆಯಿಲ್ಲ. ಅದರಾಚೆಗೆ ಎರಡೂ ನಡೆಯುವುದಿಲ್ಲ.

"ನಮ್ಮ ಮಾತಿನ್ಯಾಗ ಜ್ವರ ತಾನೇ ಬರತೈತಿ, ದಣಿವು ತಾನೇ ಆಗತೈತಿ. ಇಂಗ್ಲಿಷಿನ್ಯಾಗ 'ನಾನು' ಅಂತ ಮುಂದ ನಿಂತು ಹೇಳಬೇಕ್ರಿ. ನಮ್ಮ ಹೆಣ್ಣಮಕ್ಕಳಿಗೆ ಅದೇ ಕಠಿಣ," ಎನ್ನುತ್ತಾರೆ.

ಮೊದಲು ಅವರೂ ಎಲ್ಲರಂತೆಯೇ ಕಲಿಸುತ್ತಿದ್ದರು. ಹೌ ಆರ್ ಯು ಅಂದರೆ ಐ ಆ್ಯಮ್ ಫೈನ್. ಹಾಗೆ ಕಲಿತು ಹೋದವಳು ದಿಗ್ಗೇವಾಡಿಯ ಸಪನಾ. ಚೆನ್ನೈನ ಒಂದು ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸ. ಮನೆಯೊಡತಿ ಒಳ್ಳೆಯವರೇ; ದಿನಾ ಬೆಳಿಗ್ಗೆ ಹೇಗಿದ್ದೀ ಎಂದು ವಿಚಾರಿಸುತ್ತಿದ್ದರು. ಸಪನಾಳಿಗೆ ಹೊಟ್ಟೆನೋವು ಶುರುವಾಯಿತು. ಆಕೆ ಕೇಳಿದರು, ಇವಳು ಫೈನ್ ಅಂದಳು. ಮುಖ ಬೆವರಿದ್ದು ಕಂಡು ಮತ್ತೆ ಕೇಳಿದರು. ಮತ್ತೂ ಫೈನ್ ಅಂದಳು. ಕೊನೆಗೆ ಅಡುಗೆಮನೆಯಲ್ಲಿ ಕುಸಿದು ಬಿದ್ದಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅಪೆಂಡಿಕ್ಸ್ ಒಡೆದು ಕೀವು ಹೊಟ್ಟೆ ತುಂಬ ಹರಡಿತ್ತು. ಜೀವ ಉಳಿಯಿತು. ಆದರೆ ಮೇಲಿಂದ ಮೇಲೆ ಆಪರೇಶನ್ ಆಗಿ, ಈಗ ತುಂಬಿದ ಕೊಡ ಎತ್ತುವುದಕ್ಕೂ ಆಗುವುದಿಲ್ಲ. ಆರೈಕೆಯ ಕೆಲಸವೂ ಹೋಯಿತು, ಹೊಲದ ಕೆಲಸವೂ ಹೋಯಿತು.

ಸುದ್ದಿ ತಿಳಿದು ನೀಲಮ ದಿಗ್ಗೇವಾಡಿಗೆ ಓಡಿದರು. "ಯಾಕವ್ವಾ, ಒಂದು ಮಾತು ಹೇಳಬಾರದಿತ್ತೇನು?" ಎಂದು ಕೇಳಿದರು.

"ಹೊಟ್ಟಿ ಹರದಂಗ ಆಗ್ತಿತ್ತ್ರಿ ಅಕ್ಕಾರ," ಅಂದಳು ಸಪನಾ. "ಬಾಯಾಗ ಮಾತ್ರ ಅದೊಂದೇ ಬರ್ತಿತ್ತು."

ಆ ಮಾತಿನ ಧ್ವನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಅದನ್ನು ಹೇಳುವಾಗ ನೀಲಮ ಕಿಟಕಿಯ ಕಡೆ ಮುಖ ತಿರುಗಿಸುತ್ತಾರೆ. "ಹೌದು ಅನ್ನೂದು, ಚಲೋ ಅದೀನಿ ಅನ್ನೂದು ಈ ಹುಡುಗ್ಯಾರಿಗೆ ಹುಟ್ಟಿದಾಗಿಂದ ಬರತಿತ್ತ್ರಿ. ನಾ ಅದನ್ನೇ ಇಂಗ್ಲಿಷಿನ್ಯಾಗ ಕಲಿಸಿ ಕಳಿಸಿದೆ."

ಅಂದಿನಿಂದ ಪಾಠ ತಿರುವುಮುರುವಾಗಿದೆ. ಮೊದಲ ದಿನವೇ ಐ ಆ್ಯಮ್ ನಾಟ್ ವೆಲ್. ಆಮೇಲೆ ಐ ಫೀಲ್ ಡಿಝಿ, ಐ ಫೀಲ್ ಅಫ್ರೇಡ್. ಕುಶಲ ಹೇಳುವ ಮಾತು ಕಟ್ಟಕಡೆಗೆ. ಮೆಲ್ಲಗೆ ಅಂದವರನ್ನು ಕೂರಲು ಬಿಡುವುದಿಲ್ಲ. ಗಟ್ಟಿಯಾಗಿ ಅನ್ನುವವರೆಗೆ ನಿಲ್ಲಿಸುತ್ತಾರೆ. ಕಳೆದ ವರ್ಷ ಹೈದರಾಬಾದಿಗೆ ಹೋದ ಹುಡುಗಿಯೊಬ್ಬಳು, ಜ್ವರ ಬಂದಾಗ ಬಾಯಿಬಿಟ್ಟು ಹೇಳಿ ರಜೆ ಪಡೆದೆನೆಂದು ಫೋನು ಮಾಡಿದ್ದಳಂತೆ. ಹೇಳುವಾಗ ನೀಲಮ ಅರೆಕ್ಷಣ ಹಗುರಾಗುತ್ತಾರೆ, ಅಷ್ಟೇ.

ಬಿಡುವಾದಾಗೆಲ್ಲ ಅವರು ದಿಗ್ಗೇವಾಡಿಗೆ ಹೋಗುತ್ತಾರೆ. ಏನಾದರೂ ಆಸೆ ಉಳಿದಿದೆಯೇ ಎಂದು ಕೇಳಿದರೆ ಹೇಳುತ್ತಾರೆ:

"ಸಪನಾ ಒಂದಿನ ನನ್ನ ಮ್ಯಾಲ ಸಿಟ್ಟಿಗೇಳ್ಲಿ ಅಂತ ಐತ್ರಿ. ಮನಸ್ಸು ಬಿಚ್ಚಿ ಬೈಯಲಿ. ಆದ್ರ ಬೈಯೂದಿಲ್ಲ. ನಾ ಹೋದಾಗೊಮ್ಮೆ ಒಲಿ ಮ್ಯಾಲ ಚಾಕ್ಕ ಇಡ್ತಾಳ."