ಚಟ್ನಿಯಾದ ಔಷಧ

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಅಪ್ಪ ಎದೆ ಹಿಡಿದುಕೊಂಡು ಚೀಲದ ಮೇಲೆ ಕುಸಿದಾಗ ನಾನು ಪಕ್ಕದಲ್ಲೇ ಇದ್ದೆ. ರಾಣೆಬೆನ್ನೂರಿನ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಕೊಲೆಸ್ಟ್ರಾಲ್ ಬಹಳ ಏರಿದೆ ಎಂದು ಮಾತ್ರೆ ಬರೆದುಕೊಟ್ಟರು. ಎಣ್ಣೆ, ಬೆಣ್ಣೆ ಬಿಡಲು ಹೇಳಿದರು.

ಅಪ್ಪ ಬಿಟ್ಟದ್ದು ಮಾತ್ರೆಯನ್ನು. ಅವರ ನಂಬಿಕೆಯೆಲ್ಲ ಹಾವೇರಿಯ ಗಿಡಮೂಲಿಕೆ ಅಂಗಡಿಯಿಂದ ತಂದ ಪುಡಿಯ ಮೇಲಿತ್ತು. ಅಗಸೆ ಬೀಜ, ಮೆಂತ್ಯ, ನುಗ್ಗೆಸೊಪ್ಪಿನ ಆ ಪುಡಿಯನ್ನು ಊಟಕ್ಕೆ ಮೊದಲು ನೀರಿನಲ್ಲಿ ಕದಡಿ ಕುಡಿಯಬೇಕೆಂದು ಡಬ್ಬಿಯ ಮೇಲೆ ಬರೆದಿತ್ತು. ಓದುವವರು ಯಾರು?

ಕೆಲವು ತಿಂಗಳ ಮೇಲೆ, ಕೆಲಸದ ಊರಿನಿಂದ ಬರುವಾಗ ರಾಣೆಬೆನ್ನೂರಿನಲ್ಲಿ ಇಳಿದು, ಅಪ್ಪನ ಹೊಸ ರಕ್ತ ಪರೀಕ್ಷೆಯ ವರದಿ ತೆಗೆದುಕೊಂಡು ಮನೆಗೆ ಬಂದೆ. ಕೊಲೆಸ್ಟ್ರಾಲ್ ಇನ್ನೂ ಏರಿತ್ತು. ಅಪ್ಪ ಊಟಕ್ಕೆ ಕೂತಿದ್ದರು. ರೊಟ್ಟಿಯ ಮೇಲೆ ಚಟ್ನಿಪುಡಿಯ ಹಾಗೆ ಔಷಧದ ಪುಡಿ, ಅದರ ನಡುವಿನ ಕುಳಿಯ ತುಂಬ ಶೇಂಗಾ ಎಣ್ಣೆ, ಬದಿಗೆ ನಿಂಬೆಗಾತ್ರದ ಬೆಣ್ಣೆ.

"ಏನಪ್ಪಾ ಇದು?"

"ಔಷಧ. ಒಣಾ ಪುಡಿ ಗಂಟಲಾಗ ಇಳೀತೈತೇನು?"

"ಬರೇ ಪುಡಿ ಯಾರರ ತಿಂತಾರೇನೋ?" ಎಂದಳು ಅವ್ವ. "ಉಷ್ಣ ಆಗತೈತಿ."

"ಎಣ್ಣಿ ಬಿಡ್ರಿ ಅಂದಿದ್ರಲ್ಲ ಡಾಕ್ಟರು?"

"ಕರದದ್ದು ಬಿಟ್ಟೇನಲ್ಲ," ಎಂದರು ಅಪ್ಪ. "ಇದು ಔಷಧದ ಕೂಡ ಹೋಗೂದು. ಲೆಕ್ಕಕ್ಕಿಲ್ಲ."

ಚೀಲದ ಮೇಲೆ ಬಿಳಿಚಿಕೊಂಡಿದ್ದ ಅವರ ಮುಖ ನೆನಪಾಯಿತು. ವರದಿ ಬಿಡಿಸಿ ಏರಿದ ಅಂಕಿಯನ್ನು ತೋರಿಸಿದೆ. ಅಪ್ಪ ನಿಧಾನವಾಗಿ ಓದಿ, ಅವ್ವನ ಕಡೆ ತಿರುಗಿದರು.

"ಹಂಗಾರ ಪುಡಿ ಸಾಲವಲ್ದು. ಇನ್ನೊಂದು ಚಮಚ ಹಾಕು."

ಅವ್ವ ಹಾಕಿದಳು. ಪುಡಿ ಹೆಚ್ಚಾಯಿತಲ್ಲ ಎಂದು ಎಣ್ಣೆಯನ್ನೂ ಇನ್ನಷ್ಟು ಸುರಿದಳು.