ಸಕ್ಕರೆ ಗುಳಿಗೆ ಮತ್ತು ಅತ್ತೆಯ ತಲೆನೋವು

ಇವತ್ತು ಮಧ್ಯಾಹ್ನ ನಮ್ಮ ಯಜಮಾನರು ಪಕ್ಕದ ಕೋಣೆಯಲ್ಲಿ ತಲೆನೋವಿನ ಮುಲಾಮಿನ ಡಬ್ಬಿ ತೆರೆದರು. ವಾಸನೆ ನಾನಿದ್ದಲ್ಲಿಗೂ ಬಂತು. "ಎಲ್ಲ ನಿಮ್ಮ ಮನಸ್ಸಿನ ಆಟ" ಎಂದು ಕೂತಲ್ಲಿಂದಲೇ ಹೇಳಿದೆ. ಬದುಕಿಡೀ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸಿದವಳ ಮಾತಿದು, ನೋಡಿ. ಹೇಳಿಯಾದ ಮೇಲೆ ಇದು ನನ್ನ ಮಾತಲ್ಲ, ಚೆಂಬೂರಿನ ಮಾವನದು ಎಂದು ಹೊಳೆಯಿತು.

ಎಪ್ಪತ್ತರ ದಶಕದ ಆರಂಭದಲ್ಲಿ ನಾನು ಉಡುಪಿಯ ಕಡೆಯಿಂದ ಓದಲು ಬಂದು ಚೆಂಬೂರಿನಲ್ಲಿ ಸೋದರಮಾವನ ಮನೆಯಲ್ಲಿದ್ದೆ. ಮಾವ ಹತ್ತಿರದ ತೈಲ ಕಾರ್ಖಾನೆಯಲ್ಲಿ ಕೆಮಿಸ್ಟ್. ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದರೆ ಎಷ್ಟು ಹೆಚ್ಚು ಎಂದು ಕೇಳುವ ಮನುಷ್ಯ. ನಾನು ಮನಶ್ಶಾಸ್ತ್ರ ಆರಿಸಿಕೊಂಡದ್ದು ಅವರಿಗೆ ದೊಡ್ಡ ತಮಾಷೆ. "ಅದೆಂತ ಸೈನ್ಸ್? ತೂಕ ಉಂಟಾ, ಅಳತೆ ಉಂಟಾ?" ಎಂದು ಕೆಣಕುತ್ತಿದ್ದರು. ಕಾಲೇಜಿನಿಂದ ಬರುವಾಗ ಕುರ್ಲಾದಲ್ಲಿ ಲೋಕಲ್ ರೈಲು ಬದಲಿಸುವ ನೂಕುನುಗ್ಗಲಿನಲ್ಲಿ ನನಗೆ ಒಳ್ಳೊಳ್ಳೆಯ ಉತ್ತರಗಳು ಹೊಳೆಯುತ್ತಿದ್ದವು. ಮನೆ ಮುಟ್ಟುವಷ್ಟರಲ್ಲಿ ಒಂದೂ ಉಳಿಯುತ್ತಿರಲಿಲ್ಲ.

ಮಾವನ ಹೆಂಡತಿಗೆ, ಅಂದರೆ ನನ್ನ ಅತ್ತೆಗೆ, ಆಗಾಗ ಅರೆತಲೆನೋವು. ಹಣೆಗೆ ಬಟ್ಟೆ ಬಿಗಿದುಕೊಂಡು ಕತ್ತಲೆ ಮಾಡಿ ಮಲಗಿಬಿಡುತ್ತಿದ್ದರು. ಅದು ಬರೀ ಮನಸ್ಸಿನದು ಎಂದು ಮಾವ ತೀರ್ಮಾನಿಸಿಬಿಟ್ಟಿದ್ದರು. ಒಮ್ಮೆ ಹೋಮಿಯೋಪತಿ ಅಂಗಡಿಯಿಂದ ಔಷಧ ಹಾಕದ ಸಕ್ಕರೆ ಗುಳಿಗೆ ತಂದು, ಹೊಸ ಮದ್ದೆಂದು ಕೊಟ್ಟು, ಗಡಿಯಾರ ನೋಡುತ್ತ ಪಕ್ಕದಲ್ಲೇ ಕೂತರು. ನೋವು ಇಳಿಯಿತು. ಇನ್ನೊಮ್ಮೆ ಕೊಟ್ಟಾಗಲೂ ಇಳಿಯಿತು. ಆಮೇಲೆ ಒಂದು ದಿನ ಊಟಕ್ಕೆ ಕೂತಾಗ, ಗೆದ್ದವರ ಹಾಗೆ ಗುಟ್ಟು ಬಿಟ್ಟುಕೊಟ್ಟರು.

ಅತ್ತೆಯ ಕೈ ತಟ್ಟೆಯಲ್ಲೇ ನಿಂತಿತು. "ಹಾಗಾದ್ರೆ ಇಷ್ಟು ವರ್ಷ ನಾನು ನಾಟಕ ಮಾಡಿದ್ದಾ?" ಎಂದರು. ಆ ಮುಖ ನೋಡಿ ನನಗೆ ಸಂಕಟವಾಯಿತು, ಸಿಟ್ಟೂ ಬಂತು.

"ಮಾವ, ಗುಳಿಗೆ ಕೊಟ್ಟಾಗಲೆಲ್ಲ ನೀವು ಹತ್ತಿರ ಕೂತಿದ್ರಿ. ಮೊದಲು ಯಾವತ್ತಾದ್ರೂ ಕೂತದ್ದುಂಟಾ? ನೋವು ಇಳಿದದ್ದು ಅದಕ್ಕೆ" ಎಂದೆ.

"ಹಾಗಾದ್ರೆ ಗುಳಿಗೆ ಕೊಡದೆ ಕೂತು ನೋಡುವ. ಇಳಿಯದಿದ್ರೆ ನಿನ್ನ ಮಾತು ಸುಳ್ಳು. ಒಪ್ತೀಯಾ?"

"ಒಪ್ತೇನೆ. ನಿಮ್ಮ ಮಾತು ಸುಳ್ಳಾಗುವುದು ಯಾವಾಗ?"

"ನನ್ನದು ಯಾಕೆ ಸುಳ್ಳಾಗ್ತದೆ? ಇಳಿದ್ರೆ ಮನಸ್ಸು, ಇಳಿಯದಿದ್ರೆ ಹಠ" ಎಂದು ಕೈ ತೊಳೆಯಲು ಎದ್ದರು.

ಒಂದು ಭಾನುವಾರ ಅತ್ತೆಗೆ ಮತ್ತೆ ನೋವು ಬಂತು. ಮಾವ ಬರಿಗೈಯಲ್ಲಿ ಹೋಗಿ ಪಕ್ಕದಲ್ಲಿ ಕೂತರು. ನೋವು ಇಳಿಯಲಿಲ್ಲ. ಮಧ್ಯಾಹ್ನವಿಡೀ ಅತ್ತೆ ನರಳಿದರು, ವಾಂತಿ ಮಾಡಿಕೊಂಡರು. ಪಾತ್ರೆ ಹಿಡಿದವರು ಮಾವನೇ. ಅಷ್ಟು ವರ್ಷ ಅವರು ನೋಡಿದ್ದು ಮುಚ್ಚಿದ ಬಾಗಿಲನ್ನು ಮಾತ್ರ.

ಸಂಜೆ ಹೊರಗೆ ಬಂದವರ ಮುಖ ಬಾಡಿತ್ತು. "ನಿನ್ನ ಮಾತು ಸುಳ್ಳಾಯ್ತು ಮಾರಾಯ್ತಿ" ಎಂದರು. ನಾನು ತಲೆ ತಗ್ಗಿಸಿದೆ. "ಆದ್ರೆ ಸುಳ್ಳಾಗ್ಲಿಕ್ಕೆ ನೀನೊಂದು ದಾರಿ ಇಟ್ಟಿದ್ದೆ. ಅದು ಸೈನ್ಸೇ. ದಾರಿ ಇಡದೆ ಇದ್ದದ್ದು ನಾನು." ಅತ್ತೆ ಮಲಗಿದ್ದ ಕೋಣೆಯ ಕಡೆ ತಿರುಗಿ, "ಪಾಪ, ಅವಳಿಗೆ ನೋವು ಉಂಟು" ಎಂದರು. ಮರುದಿನ ಕೆಲಸಕ್ಕೆ ರಜೆ ಹಾಕಿ ಅತ್ತೆಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು.

ಸೋತು ಅಷ್ಟು ಸಂತೋಷಪಟ್ಟದ್ದು ನನಗೆ ಇನ್ನೊಂದು ನೆನಪಿಲ್ಲ. ಆ ಎರಡು ಸಲ ಸಕ್ಕರೆಗೆ ನೋವು ಇಳಿದದ್ದು ಹೇಗೆ ಎಂಬುದು ಮಾತ್ರ ತಲೆಯಲ್ಲೇ ಉಳಿಯಿತು. ಅದರ ಬೆನ್ನು ಹತ್ತಿಯೇ ಮುಂದೆ ಓದಿದೆ, ಕಲಿಸಿದೆ.

ಇದೆಲ್ಲ ನೆನಪಾಗಿ, ಕುರ್ಚಿ ಎಳೆದುಕೊಂಡು ಪಕ್ಕದ ಕೋಣೆಗೆ ಹೋದೆ. ಯಜಮಾನರು ಅನುಮಾನದಿಂದ ನೋಡಿದರು.

"ನೀನು ಕೂತರೆ ಇಳೀತದಾ?"

"ಗೊತ್ತಿಲ್ಲ. ಒಮ್ಮೆ ಇಳಿದಿರಲಿಲ್ಲ" ಎಂದು ಕೂತೆ.