ಸುಣ್ಣದ ಗೋಡೆಗೆ ಸಿಮೆಂಟು

ಹಸಿ ಸಿಮೆಂಟಿಗೆ ನೀರು ಹೊಡೆದಾಗ ಬರುವ ವಾಸನೆ ನಿಮಗೆ ಹಿತವೋ ಏನೋ, ನನಗಂತೂ ಆಗದು. ನಿನ್ನೆ ಪಕ್ಕದ ಮನೆಯವರು ಹೊಸ ಗೋಡೆ ನೆನೆಸುತ್ತಿದ್ದರು. ಕಿಟಕಿ ಮುಚ್ಚಿದರೂ ಆ ವಾಸನೆಯ ಜೊತೆ ಸ್ಟೆಲ್ಲಾ ಆಂಟಿ ನೆನಪಾಗಿ ಒಳಗೆ ಬಂದುಬಿಟ್ಟರು.

ತೊಂಬತ್ತರ ದಶಕದಲ್ಲಿ ಹಲಸೂರಿನಲ್ಲಿ ನಮಗೆ ಮನೆ ಬಾಡಿಗೆಗೆ ಕೊಟ್ಟಿದ್ದವರು ಅವರು. ಎದುರಿಗೇ ಹಳೆಯ ಆಂಗ್ಲಿಕನ್ ಚರ್ಚು. ಬಿಳಿಯ ಸಿಪಾಯಿಗಳಿಗಾಗಿ ಕಟ್ಟಿದ್ದು. ಬೆಂಚುಗಳಿಗೆ ಬಂದೂಕು ಒರಗಿಸುವ ಕಚ್ಚುಗಳಿದ್ದವು. ಆಂಟಿ ಅದರಲ್ಲಿ ಕೊಡೆ ಸಿಕ್ಕಿಸುತ್ತಿದ್ದರು. ಮೊಳ ದಪ್ಪದ ಇಟ್ಟಿಗೆ ಗೋಡೆ, ಸುಣ್ಣದ ಗಾರೆ, ತೇಗದ ತೊಲೆ, ಆಳುಗಳು ಹೊರಗೆ ಕೂತು ಎಳೆಯುತ್ತಿದ್ದ ಬಟ್ಟೆ ಪಂಕದ ಹಗ್ಗ ಹಾಯಲು ಗೋಡೆಯಲ್ಲಿ ತೂತು. ಭಕ್ತಿ ನನಗೆ ಅಷ್ಟಕ್ಕಷ್ಟೇ. ಬೇಸಿಗೆಯಲ್ಲಿ ತಂಪಾಗಿರುತ್ತದೆಂದು ಹೋಗಿ ಕೂತು ತೂಕಡಿಸುತ್ತಿದ್ದೆ.

ಆಂಟಿಯ ಮದುವೆ ಅಲ್ಲೇ ಆಗಿತ್ತು, ಗಂಡನ ಶವಪೆಟ್ಟಿಗೆಯೂ ಅಲ್ಲಿಂದಲೇ ಹೊರಟಿತ್ತು. “ನನ್ನನ್ನೂ ಇಲ್ಲಿಂದಾನೇ ಕಳಿಸ್ಬೇಕು ಪಾ. ಬೇರೆ ಏನೂ ಕೇಳಲ್ಲ” ಅನ್ನುತ್ತಿದ್ದರು.

ಚರ್ಚಿನ ಗಾರೆ ಉದುರತೊಡಗಿದಾಗ ಅವರಿಗೆ ನಿದ್ದೆ ಹತ್ತಲಿಲ್ಲ. ಪ್ರತಿ ಕ್ರಿಸ್‌ಮಸ್‌ಗೆ ಸುಣ್ಣ ಬಳಿಯುವುದು ವಾಡಿಕೆ. ಆ ವರ್ಷ ಆಂಟಿ ಮನೆಮನೆಗೂ ಹೋಗಿ ಎಲ್ಲರನ್ನೂ ಒಪ್ಪಿಸಿದರು. “ಎಷ್ಟು ವರ್ಷ ಸುಣ್ಣಾನೇ ಹೊಡೀತೀರಾ? ಗಟ್ಟಿಯಾಗಿ ಸಿಮೆಂಟ್ ಹಾಕ್ಸಿ, ಮೇಲೆ ಆಯಿಲ್ ಪೇಂಟ್. ನಾನ್ ಹೋಗೋ ತನಕ ನಿಲ್ಲತ್ತೆ.” ಒಳಗೂ ಹೊರಗೂ ಸಿಮೆಂಟು ಮೆತ್ತಿದರು. ಚರ್ಚು ಹೊಸ ಫ್ರಿಜ್ಜಿನ ಹಾಗೆ ಹೊಳೆಯಿತು.

ಸುಣ್ಣದ ಗೋಡೆ ನೆಲದ ತೇವವನ್ನು ಹೀರಿ ಬಿಸಿಲಿಗೆ ಬಿಡುತ್ತಿತ್ತಂತೆ. ಸಿಮೆಂಟು ಆ ದಾರಿ ಮುಚ್ಚಿತು. ನಾಲ್ಕಾರು ಮಳೆಗಾಲ ನೀರು ಒಳಗೇ ಏರಿ, ತೊಲೆಗಳ ತುದಿ ಕೊಳೆತು, ಒಂದು ದಿನ ಅರ್ಧ ಸೂರು ಕುಸಿಯಿತು. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ. ಬಾಗಿಲಿಗೆ ಬೀಗ ಬಿತ್ತು, ಸಭೆಯವರು ಬೇರೆ ಚರ್ಚಿಗೆ ಸೇರಿಕೊಂಡರು.

ಯಾರೂ ಆಂಟಿಯನ್ನು ದೂರಲಿಲ್ಲ. ಬೈದಿದ್ದರೆ ಅವರಿಗೆ ಹಗುರವಾಗುತ್ತಿತ್ತೇನೋ. “ನಾನೇ ಉಸಿರು ಕಟ್ಟಿಸ್ಬಿಟ್ಟೆ” ಎಂದರು ಒಮ್ಮೆ. “ಕಾಫಿ ತರ್ಲಾ ಆಂಟಿ?” ಎಂದೆ.

ಎರಡು ಸಾವಿರದ ಈಚೆಗೆ ಅವರು ತೀರಿಕೊಂಡರು. ಚರ್ಚಿನ ಬೀಗ ತೆಗೆಸಿ ಎಂದು ಪಾದ್ರಿಗಳನ್ನು ಬೇಡಿಕೊಂಡೆವು. “ಒಳಗೆ ಬೇಡ ರೀ, ಸೂರು ಬಿದ್ರೆ ಯಾರು ಜವಾಬ್ದಾರಿ? ಪೋರ್ಟಿಕೋದಲ್ಲಿ ಇಡಿ, ಅಲ್ಲೇ ಪ್ರಾರ್ಥನೆ ಮಾಡೋಣ” ಎಂದರು. ಮುಚ್ಚಿದ ಬಾಗಿಲ ಮುಂದೆ ಪೆಟ್ಟಿಗೆ ಇಳಿಸಿದೆವು. ಅವರ ಮಗಳು ಹೋಗಿ ಬಾಗಿಲು ತಟ್ಟಿದಳು. ನನಗೆ ತಡೆಯಲಾಗದಷ್ಟು ಅಳು ಬಂತು.

ಇವತ್ತು ಮನಸ್ಸು ಕೇಳದೆ ಚರ್ಚಿನ ಹತ್ತಿರ ಹೋಗಿ ಬಂದೆ. ಪೋರ್ಟಿಕೋ ಮಾತ್ರ ಉಳಿದಿದೆ. ಅದರ ಹಿಂದಿದ್ದುದನ್ನೆಲ್ಲ ಕೆಡವಿ ಬಯಲು ಮಾಡಿದ್ದಾರೆ, ಕಾರುಗಳು ನಿಂತಿವೆ. ಬಾಗಿಲಿಲ್ಲ, ಬೀಗವಿಲ್ಲ, ಬೀಳಲು ಸೂರೂ ಇಲ್ಲ. ಆಂಟಿಯನ್ನು ಒಳಗೆ ಕರೆತರಲು ಈಗ ಯಾರ ಅಡ್ಡಿಯೂ ಇಲ್ಲ.